ಚಕ್ಕುಬಂದಿ

ಮೆಗ್ಗಾನ್ ಆಸ್ಪತ್ರೆಯ ಡಾಕ್ಟರು ಮಣಿಕಟ್ಟು ಒತ್ತಿ ನೋಡಿ
ಆರು ತಿಂಗಳು ಕೀಬೋರ್ಡ್ ಮುಟ್ಟಬೇಡಿ ಎಂದರು.
ಇಪ್ಪತ್ತೆರಡು ವರ್ಷ ಊರವರ ಕ್ರಯಪತ್ರ, ಪಾಲುಪತ್ರ, ದಾನಪತ್ರ
ಕುಟ್ಟಿ ಕುಟ್ಟಿ ಸವೆದ ಕೈ.
ಬಾಯಿ ಇದೆಯಲ್ಲ ಅಕ್ಕಾ, ಎಂದ ಇರ್ಷಾದ್,
ನೆಹರೂ ರಸ್ತೆಯ ಅಂಗಡಿಯಿಂದ ಒಂದು ಮೈಕು ತಂದು
ಸೋಮಿನಕೊಪ್ಪದ ನಮ್ಮ ಮಲಗುವ ಕೋಣೆಯಲ್ಲಿ
ತಂತಿ ಸಿಕ್ಕಿಸಿ ಹೋದ.

ಮೊದಲ ದಿನ ಹೇಳಿದೆ:
ಪೂರ್ವಕ್ಕೆ ನಿಂಗಪ್ಪನವರ ಜಮೀನು, ಪಶ್ಚಿಮಕ್ಕೆ ಅಳ್ಳ.
ಪರದೆ ಬರೆಯಿತು:
ಪೂರ್ವಕ್ಕೆ ನುಂಗಪ್ಪನವರ ಜಮೀನು, ಪಶ್ಚಿಮಕ್ಕೆ ಅಲ್ಲ.
ನುಂಗಿದ್ದು ನಿಜವೇ ಇರಬಹುದು,
ದಸ್ತಾವೇಜಿನಲ್ಲಿ ಹಾಗೆ ಬರೆಯುವಂತಿಲ್ಲ.

ಫ್ಯಾನ್ ನಿಲ್ಲಿಸಿದೆ. ಕಿಟಕಿ ಹಾಕಿದೆ.
ಪಕ್ಕದ ಮನೆಯ ಮಿಕ್ಸಿ ಎಷ್ಟು ಹೊತ್ತಿಗೆಂದು ಕೇಳಿಕೊಂಡು ಬಂದೆ.
ಕದ ತೆರೆದ ಬೀರುವಿನೊಳಗೆ, ಸೀರೆಗಳ ನಡುವೆ ತಲೆಯಿಟ್ಟು
ಗುಟ್ಟು ಹೇಳುವವಳ ಹಾಗೆ
ಸರ್ವೆ ನಂಬರು ಹೇಳಿದೆ, ಎಕರೆ ಹೇಳಿದೆ, ಗುಂಟೆ ಹೇಳಿದೆ.
ರೇಷ್ಮೆಗಿಂತ ಹತ್ತಿ ಸೀರೆ ಹೆಚ್ಚು ಸದ್ದು ಕುಡಿಯುತ್ತದೆ,
ಇದು ನಾನೇ ಕಂಡುಕೊಂಡದ್ದು.
ಖರಾಬು ಸರಿಯಾಯಿತು. ನಿಂಗಪ್ಪ ಬಾಯಿಂದ ಈಚೆ ಬಂದ.
ಅಲ್ಲ ಮಾತ್ರ ಅಲ್ಲವಾಗಿಯೇ ಉಳಿಯಿತು.

ಇರ್ಷಾದ್ ಮತ್ತೆ ಬಂದ:
ಮೈಕು ಬಾಯಿಗೆ ನೇರ ಬೇಡ ಅಕ್ಕಾ,
ಕೆನ್ನೆ ಪಕ್ಕ ಇಡಿ, ನಾಲ್ಕು ಬೆರಳು ದೂರ.
ಉಸಿರು ತಾಗಬಾರದು.

ಉಸಿರು ತಾಗಬಾರದು!
ಭದ್ರಾವತಿಯ ಶಾಲೆಯಲ್ಲಿ ವಿಮಲಾಬಾಯಿ ಟೀಚರು
ನನ್ನದೇ ಅಂಗೈ ನನ್ನ ಬಾಯಿಗೆ ಹಿಡಿಸಿ
ಉಸಿರು ತಾಗಬೇಕು, ತಾಗಿದರೇ ಅದು ಹ, ಅನ್ನುತ್ತಿದ್ದರು.
ಹಾಲು. ಹಳ್ಳ. ಹತ್ತು. ಹೆಸರು.
ಅಂಗೈ ಬಿಸಿಯಾಗುತ್ತಿತ್ತು, ಕಿವಿ ಅದಕ್ಕಿಂತ.
ಮನೆಗೆ ಬಂದರೆ ಚಿಕ್ಕವ್ವ:
ಮಾತಾಡಾಕೆ ಯಾಕೇ ಅಂಗೆ ಏದುಸಿರು ಬಿಡ್ತೀಯ?

ಬರೆಯುವಾಗ ಒಂದೇ ಒಂದು ಹ ತಪ್ಪಿದವಳಲ್ಲ ನಾನು.
ಅದಕ್ಕೇ ಇರಬೇಕು, ಬರಹವನ್ನೇ ಹೊಟ್ಟೆಪಾಡು ಮಾಡಿಕೊಂಡದ್ದು.
ಬೆರಳಿಗೆ ಊರಿಲ್ಲ.

ಮೂರು ದಿನ ಬೀರುವಿನೊಳಗೆ ಹ ಹ ಹ ಎಂದು ತಾಲೀಮು.
ಹೊರಗಿನಿಂದ ಕೇಳಿದವರಿಗೆ ಬೀರು ನಗುತ್ತಿದ್ದ ಹಾಗೆ.
ನಾಲ್ಕನೆಯ ದಿನ ಸಾಕೆನಿಸಿತು.
ಪದಕೋಶ ಎಂಬಲ್ಲಿ ಒತ್ತಿ
ಅಳ್ಳ ಎಂದು ಹತ್ತು ಸಲ, ನನ್ನ ಗಂಟಲಲ್ಲೇ, ಹೇಳಿ
ಎದುರಿಗೆ ಎಡಗೈಯ ಒಂಟಿ ಬೆರಳಲ್ಲಿ ಬರೆದೆ: ಹಳ್ಳ.
ಆಲು ಎಂದು ಹೇಳಿ, ಹಾಲು. ಊವು ಎಂದು ಹೇಳಿ, ಹೂವು.
ಕಲಿ, ಎಂದೆ. ನಿನಗೆ ಕಿವಿ ಬಿಸಿಯಾಗುವುದಿಲ್ಲ.

ಕಲಿತದ್ದು ಸ್ವಲ್ಪ ಹೆಚ್ಚೇ ಆಯಿತು.
ಗಿರಣಿಯ ಕರಾರಿನಲ್ಲಿ ಅಕ್ಕಿಯೆಲ್ಲ ಹಕ್ಕಿಯಾಗಿ
ಒಂದು ವಾರ ಹಾರಾಡಿದವು.
ಒಂದೊಂದನ್ನೇ ಹಿಡಿದು ಮೂಟೆಗೆ ತುಂಬಿದೆ.

ಗಾಡಿಕೊಪ್ಪದ ಆ ಸ್ವತ್ತು ನೋಡಲು ಹೋಗಿದ್ದೆ, ಹೋದ ಬುಧವಾರ.
ಪಶ್ಚಿಮಕ್ಕೆ ಚಪ್ಪಡಿ, ಚಪ್ಪಡಿಯ ಮೇಲೆ ರಸ್ತೆ,
ರಸ್ತೆಯ ಮೇಲೊಂದು ಪಾನಿಪೂರಿ ಗಾಡಿ.
ನೀರಿನ ಸದ್ದಿಗೆ ಬಗ್ಗಿ ಕಿವಿಗೊಟ್ಟೆ. ಗಾಡಿಯವನು
ಏನು ಬಿತ್ತು ಮೇಡಂ ಎಂದ.
ಮೂಲಪತ್ರದಲ್ಲಿ ಹಳ್ಳ ಇದ್ದಮೇಲೆ
ನನ್ನ ಪತ್ರದಲ್ಲೂ ಹಳ್ಳ ಇರಬೇಕು.
ಮೊದಲ ದಿನ ಪರದೆ ಬರೆದದ್ದನ್ನು
ಯಾರಿಗೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಕೊನೆಯ ಸಾಲಿಗೆ ಬಂದಿದ್ದೆ.
ಉತ್ತರಕ್ಕೆ, ಎಂದು ಒಂದು ಗಳಿಗೆ ತಡೆದೆ, ಕಾಗದ ನೋಡಲು.
ಅಡುಗೆಮನೆಯಿಂದ ಚಿಕ್ಕವ್ವ, ಎಂಬತ್ತು ದಾಟಿದ ದನಿಯಲ್ಲಿ,
ಆಲು ಉಕ್ಕೋತು ಕಣೇ!
ಓಡಿ ಒಲೆ ಆರಿಸಿ ಬಂದು ನೋಡುತ್ತೇನೆ:
ಉತ್ತರಕ್ಕೆ ಹಾಲು ಉಕ್ಕೋತು ಕಣೇ.

ಛಾಪಾ ಕಾಗದ ಪ್ರಿಂಟರಿನಲ್ಲಿ ಕಾದಿದೆ.
ಅಳಿಸಬೇಕು. ಬೆರಳು ಎತ್ತಿದ್ದೇನೆ.
ಚಿಕ್ಕವ್ವಾ, ಬಾ ಇಲ್ಲಿ, ನಿನ್ನ ಮಾತು ನೋಡು ಎಂದರೆ
ಓದು ಬಾರದವಳು ಕನ್ನಡಕ ಹುಡುಕುತ್ತಿದ್ದಾಳೆ.